ಖಾಲಿ ಬ್ಯಾಗನ್ನು ತೂಗಿ, ತುಂಬಿದ ಬ್ಯಾಗನ್ನು ಅಳೆಯಿರಿ

ಉಡುಪಿಯಲ್ಲಿ ಬ್ಯಾಗ್ ಹೊಲಿಯುವುದು, ರಿಪೇರಿ ಮಾಡುವುದು, ಜೊತೆಗೆ ಒಂದಿಷ್ಟು ಮಾರುವುದು ನನ್ನ ಕೆಲಸ. ಅಂಗಡಿಯ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಉಂಟು. ಒಳಗಿನ ಅಳತೆ ಎತ್ತರ 55 ಸೆಂ.ಮೀ., ಅಗಲ 35, ದಪ್ಪ 20. ವಿಮಾನಕ್ಕೆ ಬ್ಯಾಗ್ ಬೇಕು ಅಂತ ಬಂದವರಿಗೆ ಮೊದಲು ಈ ಪೆಟ್ಟಿಗೆ ತೋರಿಸುತ್ತೇನೆ. ಬ್ಯಾಗ್ ಆಮೇಲೆ.

ಈ ಪೆಟ್ಟಿಗೆ ಬಂದದ್ದು ಎರಡು ವರ್ಷದ ಹಿಂದೆ. ಹೈದರಾಬಾದಿನಲ್ಲಿ ಮೊದಲ ಕೆಲಸ ಸಿಕ್ಕಿದ ಒಬ್ಬ ಹುಡುಗ ಅಮ್ಮನ ಜೊತೆ ಅಂಗಡಿಗೆ ಬಂದಿದ್ದ. ಕೈಚೀಲ ಮಾತ್ರ ಒಯ್ಯಬಹುದಾದ ಕಡಿಮೆ ದರದ ಟಿಕೆಟ್. ನಾನು ಚಕ್ರ ಇರುವ ಬ್ಯಾಕ್‌ಪ್ಯಾಕ್ ಕೊಟ್ಟೆ, ಅದರ ಚೀಟಿಯಲ್ಲಿ 'ಕ್ಯಾಬಿನ್ ಸೈಜ್' ಅಂತ ಇತ್ತು, ನಾನೂ ನಂಬಿದ್ದೆ. ಬಜಪೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅದು 9 ಕಿಲೋ ದಾಟಿತು, ಬಿಡುವುದು 7 ಮಾತ್ರ. ಹುಡುಗ ಗಾಜಿನ ಬಾಗಿಲಿನ ತನಕ ವಾಪಸ್ ಬಂದು, ಅಮ್ಮ ಕಟ್ಟಿಕೊಟ್ಟ ಕುಚ್ಚಲಕ್ಕಿ, ಬೆಲ್ಲ ಎಲ್ಲ ಅಮ್ಮನ ಕೈಗೇ ಕೊಟ್ಟು ಹೋದ. ಆಮೇಲೆ ಆ ಅಮ್ಮ ಅಂಗಡಿಗೆ ಬಂದರು, ಬೈಯಲಿಲ್ಲ. 'ಅವನಿಗೆ ಅಂತ ಕಟ್ಟಿದ್ದು ನಾನೇ ಬಸ್ಸಿನಲ್ಲಿ ಹೊತ್ತುಕೊಂಡು ಬಂದೆ ಮಾರಾಯ್ರೆ' ಅಂದರು, ಅಷ್ಟೆ. ಆಮೇಲೆ ಅದೇ ಮಾದರಿಯ ಇನ್ನೊಂದು ಬ್ಯಾಗನ್ನು ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿದೆ. ಖಾಲಿ ಬ್ಯಾಗೇ ಎರಡೂವರೆ ಕಿಲೋ! ಇದನ್ನು ಮಾರುವ ಮೊದಲೇ ನೋಡಬೇಕಾಗಿತ್ತು. ಆ ವಾರವೇ ತೂಗುವ ಕೊಕ್ಕೆ ತಕ್ಕಡಿ ತಂದೆ, ರಟ್ಟು ಕತ್ತರಿಸಿ ಪೆಟ್ಟಿಗೆ ಮಾಡಿದೆ.

ಈಗ ಲೆಕ್ಕ ನೋಡಿ. ಇಂಡಿಗೋದಲ್ಲಿ ಕೈಚೀಲದ ಅಳತೆ 55, 35, 25 ಸೆಂ.ಮೀ., ತೂಕ 7 ಕಿಲೋ. ಅದರ ಜೊತೆ 3 ಕಿಲೋ ತನಕ ಲ್ಯಾಪ್‌ಟಾಪ್ ಬ್ಯಾಗೋ ವ್ಯಾನಿಟಿ ಬ್ಯಾಗೋ ಬೇರೆ ಒಯ್ಯಬಹುದು. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಹಾಗಲ್ಲ, ಎರಡು ಚೀಲ ಹಿಡಿದರೂ ಒಟ್ಟು ತೂಕ 7 ಕಿಲೋ ಒಳಗೇ ಇರಬೇಕು. ಏರ್ ಇಂಡಿಯಾದ ಅಳತೆ 55, 40, 20. ಒಬ್ಬರು ದಪ್ಪ 25 ಬಿಡುತ್ತಾರೆ, ಇನ್ನೊಬ್ಬರು 20ಕ್ಕೇ ನಿಲ್ಲಿಸುತ್ತಾರೆ. ಒಬ್ಬರು ಅಗಲ 40 ಬಿಡುತ್ತಾರೆ, ಇನ್ನೊಬ್ಬರು 35. ಯಾವ ವಿಮಾನದ ಟಿಕೆಟ್ ಸಿಗುತ್ತದೆ ಅಂತ ಬ್ಯಾಗ್ ಕೊಳ್ಳುವಾಗ ಗೊತ್ತಿರುವುದಿಲ್ಲ, ಅಲ್ವಾ? ಅದಕ್ಕೇ ನನ್ನ ಪೆಟ್ಟಿಗೆಯಲ್ಲಿ ಪ್ರತಿ ಕಡೆಯೂ ಚಿಕ್ಕ ಅಳತೆಯನ್ನೇ ಇಟ್ಟಿದ್ದೇನೆ. ಅದರೊಳಗೆ ಕೂತದ್ದು ಈ ಎಲ್ಲದರಲ್ಲೂ ಕೂರುತ್ತದೆ. ಆದರೂ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮೊದಲು ನಿಮ್ಮ ಟಿಕೆಟಿನಲ್ಲಿ ಏನು ಬರೆದಿದೆ ಅಂತ ಓದಿಕೊಳ್ಳಿ.

ಲೀಟರ್ ಸಂಖ್ಯೆ ನಂಬಬೇಡಿ. 55, 35, 20ನ್ನು ಗುಣಿಸಿದರೆ 38.5 ಲೀಟರ್ ಆಗುತ್ತದೆ, ಆದರೆ ಅದು ಚೌಕ ಪೆಟ್ಟಿಗೆಯ ಲೆಕ್ಕ. ಬ್ಯಾಗಿನ ಮೂಲೆಗಳು ದುಂಡಗಿರುತ್ತವೆ, ಹೆಗಲಪಟ್ಟಿಯೂ ಬೆನ್ನಿನ ಮೆತ್ತೆಯೂ ಜಾಗ ತಿನ್ನುತ್ತವೆ, ಹಾಗಾಗಿ 30ರಿಂದ 35 ಲೀಟರಿನ ಬ್ಯಾಗ್ ಸಾಕು. 40 ಲೀಟರಿನದ್ದೂ ಕೆಲವು ಕೂರುತ್ತವೆ, ಎತ್ತರ ಜಾಸ್ತಿಯಾಗಿ ಕೂರದವೂ ಇವೆ. ಟೇಪು ಹಿಡಿದು ನೀವೇ ಅಳೆಯಿರಿ. ಹಿಡಿಕೆ, ಪಟ್ಟಿ, ಬದಿಯ ಬಾಟಲಿ ಜೇಬು ಎಲ್ಲ ಸೇರಿಸಿ ಅಳೆಯಬೇಕು.

ಜನ ಸೋಲುವುದು ಹೆಚ್ಚಾಗಿ ದಪ್ಪದಲ್ಲಿ. ಅಂಗಡಿಯಲ್ಲಿ ನೇತಾಡುವ ಬ್ಯಾಗ್ ಚಪ್ಪಟೆ ಇರುತ್ತದೆ, ಮನೆಯಲ್ಲಿ ತುಂಬಿದಾಗ ಹೊಟ್ಟೆ ಬರುತ್ತದೆ. ಅದಕ್ಕೆ ನಾನು ಅಂಗಡಿಯಲ್ಲೇ ನಾಲ್ಕು ಬೈರಾಸು (ಟವೆಲ್), ಒಂದು ಬೆಡ್‌ಶೀಟ್, ಒಂದು ಜೊತೆ ಚಪ್ಪಲಿ ಇಟ್ಟುಕೊಂಡಿದ್ದೇನೆ. ಅವನ್ನು ತುಂಬಿ ಪೆಟ್ಟಿಗೆಗೆ ಇಳಿಸಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಮುಂದಿನ ಜೇಬು ಒಳಗಡೆಗೆ ಇಳಿಯುವ ಹಾಗೆ ಹೊಲಿದಿದ್ದರೆ ಒಳ್ಳೆಯದು, ಹೊರಗೆ ಚೀಲದ ಹಾಗೆ ಅಂಟಿಸಿದ್ದರೆ ಅಲ್ಲಿ ಒಂದು ಚಾರ್ಜರ್ ಇಟ್ಟರೂ ಸಾಕು, ದಪ್ಪ ಏರುತ್ತದೆ. ಬದಿಯಲ್ಲಿ ಬಿಗಿ ಮಾಡುವ ಪಟ್ಟಿ ಇದ್ದರೆ ಬಹಳ ಉಪಯೋಗ. ಇನ್ನು, ಸುತ್ತಲೂ ಒಂದು ಜಿಪ್ ಬಿಚ್ಚಿದರೆ ನಾಲ್ಕೈದು ಸೆಂಟಿಮೀಟರ್ ಹಿಗ್ಗುವ ಬ್ಯಾಗ್ ಬರುತ್ತದಲ್ಲ, ಅದನ್ನು ಕೊಂಡರೆ ಹೋಗುವಾಗ ಮುಚ್ಚಿಯೇ ಇರುತ್ತದೆ, ಬರುವಾಗ ಬಿಚ್ಚಿಯೇ ಬಿಡುತ್ತೀರಿ. ಕೇಳಿದವರಿಗೆ ಆ ಜಿಪ್ಪಿನ ಮೇಲೆ ಹೊಲಿಗೆ ಹಾಕಿ ಮುಚ್ಚಿ ಕೊಡುತ್ತೇನೆ.

ತೂಕದ ಮಾತು ಇನ್ನೂ ಮುಖ್ಯ. ಖಾಲಿ ಬ್ಯಾಗ್ ಒಂದು ಕಿಲೋದ ಆಸುಪಾಸಿನಲ್ಲಿ ಇರಲಿ. ಲ್ಯಾಪ್‌ಟಾಪ್, ಚಾರ್ಜರ್ ಸೇರಿ ಎರಡು ಕಿಲೋ ಅಂದುಕೊಳ್ಳಿ. ಉಳಿಯುವುದು ನಾಲ್ಕೇ ಕಿಲೋ. ಬಟ್ಟೆ, ಔಷಧಿ, ಊರಿನ ತಿಂಡಿ ಎಲ್ಲ ಅದರಲ್ಲೇ ಆಗಬೇಕು. ಎರಡೂವರೆ ಕಿಲೋದ ಚಕ್ರದ ಬ್ಯಾಗ್ ತಗೊಂಡರೆ ಉಳಿಯುವುದು ಎರಡೂವರೆ ಮಾತ್ರ. ಚಾರಣದ ಬ್ಯಾಗ್‌ಗಳಲ್ಲಿ ಬೆನ್ನಿಗೆ ಲೋಹದ ಕಡ್ಡಿ, ದಪ್ಪ ಸೊಂಟಪಟ್ಟಿ ಇರುತ್ತದೆ. ಕುದುರೆಮುಖ ಹತ್ತಲು ಚಂದ, ವಿಮಾನಕ್ಕೆ ಸುಮ್ನೆ ತೂಕ.

ತಿಂಡಿಯ ವಿಷಯ ಬಂತಲ್ಲ. ನಮ್ಮ ಕಡೆಯವರು ಕೈ ಬೀಸಿಕೊಂಡು ಹೊರಡುವವರಲ್ಲ, ಹೊರಡಲೂಬಾರದು. ಆದರೆ ಯಾವುದು ತೂಕ, ಯಾವುದು ಜಾಗ ಅಂತ ನೋಡಿ. ಕೋರಿ ರೊಟ್ಟಿ, ಹಲಸಿನ ಹಪ್ಪಳ ಹಗುರ, ಆದರೆ ಜಾಗ ಬೇಕು, ಮೇಲೆ ಒತ್ತು ಬಿದ್ದರೆ ಪುಡಿ. ಅಂಥವಕ್ಕೆ ಸೂಟ್‌ಕೇಸಿನ ಹಾಗೆ ಪೂರ್ತಿ ತೆರೆದುಕೊಳ್ಳುವ ಬ್ಯಾಗ್ ಬೇಕು, ಮೇಲಿನಿಂದ ತುರುಕುವ ಬ್ಯಾಗ್ ಆಗುವುದಿಲ್ಲ. ಅಕ್ಕಿ, ಬೆಲ್ಲ ಚಿಕ್ಕ ಗಂಟಾದರೂ ತಕ್ಕಡಿಯಲ್ಲಿ ದೊಡ್ಡದು. ಮೆಣಸಿನ ಪುಡಿ ಕೈಚೀಲದಲ್ಲಿ ಬಿಡುವುದಿಲ್ಲ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತು ಅಂತ ವಿಮಾನದ ನಿಯಮದಲ್ಲಿ ಸೇರಿಸಿದ್ದಾರೆ, ಅದನ್ನು ಮನೆಯಲ್ಲೇ ಬಿಡಿ. ವಿದೇಶಕ್ಕೆ ಹೋಗುವವರಿಗೆ ದ್ರವ ಒಂದು ಬಾಟಲಿಗೆ 100 ಮಿ.ಲೀ. ಮಾತ್ರ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಮಿತಿ 100 ವ್ಯಾಟ್-ಅವರ್. ಸಾಮಾನ್ಯವಾಗಿ ಸಿಗುವ 20,000 ಎಂಎಎಚ್‌ನದ್ದು 74 ಆಗುತ್ತದೆ, ತೊಂದರೆ ಇಲ್ಲ. ಆದರೆ ಅದನ್ನು ಬಟ್ಟೆಯ ಅಡಿಗೆ ಹಾಕಬೇಡಿ. ಸಣ್ಣ ಎಟಿಆರ್ ವಿಮಾನವಾದರೆ ಮೇಲಿನ ಗೂಡು ಚಿಕ್ಕದು, ಹತ್ತುವಾಗ ನಿಮ್ಮ ಬ್ಯಾಗನ್ನು ಕೆಳಗೆ ಹಾಕಲು ತಗೊಳ್ಳಬಹುದು. ಆಗ ಪವರ್ ಬ್ಯಾಂಕ್, ಲ್ಯಾಪ್‌ಟಾಪ್ ಎರಡನ್ನೂ ತಟ್ಟನೆ ಹೊರಗೆ ತೆಗೆಯಲು ಆಗಬೇಕು. ಹಾಗಾಗಿ ಲ್ಯಾಪ್‌ಟಾಪ್ ಅರೆಗೆ ಹೊರಗಿನಿಂದಲೇ ಬೇರೆ ಜಿಪ್ ಇರಲಿ, ಅದು ಬೆನ್ನಿಗೆ ತಾಗುವ ಕಡೆ ಇರಲಿ. ಅರೆಯೊಳಗೆ ಕೈ ಹಾಕಿ ನೋಡಿ, ಬ್ಯಾಗಿನ ತಳದಿಂದ ಎರಡು ಬೆರಳು ಮೇಲೆ ನಿಂತಿದ್ದರೆ ಸರಿ. ತಳಕ್ಕೇ ಮುಟ್ಟಿದರೆ ಬ್ಯಾಗ್ ನೆಲಕ್ಕಿಟ್ಟಾಗಲೆಲ್ಲ ಲ್ಯಾಪ್‌ಟಾಪಿಗೆ ಏಟು.

ಮಣಿಪಾಲದ ಮಕ್ಕಳು ಯುರೋಪಿಗೆ ಓದಲು ಹೋಗುವಾಗ ಕೇಳುತ್ತಾರೆ, ಅಲ್ಲಿ ಓಡಾಡಲೂ ಇದೇ ಬ್ಯಾಗ್ ಆಗುತ್ತದಾ ಅಂತ. ಆಗುವುದಿಲ್ಲ. ಅಲ್ಲಿನ ವಿಜ್ ಏರ್‌ನಲ್ಲಿ ಪುಕ್ಕಟೆ ಒಯ್ಯಲು ಬಿಡುವುದು 40, 30, 20ರ ಬ್ಯಾಗ್. ಪೆಟ್ಟಿಗೆ ಲೆಕ್ಕದಲ್ಲೂ 24 ಲೀಟರ್. ಅದಕ್ಕೆ ಬೇರೆ ಚಿಕ್ಕ ಬ್ಯಾಗೇ ಬೇಕು, ದೊಡ್ಡದರೊಳಗೆ ಮಡಚಿ ಇಡುವಂಥದ್ದು.

ಕೊನೆಗೆ ನನ್ನ ರಿಪೇರಿ ಮೇಜಿನ ಮಾತು. ಬಟ್ಟೆ ಹರಿದು ಬರುವ ಬ್ಯಾಗ್ ಕಡಿಮೆ. ಬರುವುದು ಜಿಪ್, ಹೆಗಲಪಟ್ಟಿಯ ಬುಡ, ಮತ್ತೆ ಒಳಗಿನ ಲೇಪ. ಜಿಪ್ಪಿಗೆ ನಂಬರ್ ಇರುತ್ತದೆ, ಜಿಪ್ ಎಳೆಯುವ ರನ್ನರಿನ ಹಿಂದೆ ನೋಡಿ, ದೊಡ್ಡ ಜಿಪ್ 8 ಅಥವಾ 10 ಇರಲಿ. ನಮ್ಮ ಉಪ್ಪು ಗಾಳಿಗೆ ಲೋಹದ ಹಲ್ಲು ಕಿಲುಬು ಹಿಡಿಯುತ್ತದೆ, ನೈಲಾನ್ ಸುರುಳಿಯ ಜಿಪ್ಪೇ ಒಳ್ಳೆಯದು. ಅದು ಕೈ ಕೊಟ್ಟರೂ ಹೆಚ್ಚಾಗಿ ಸವೆದಿರುವುದು ರನ್ನರ್ ಮಾತ್ರ, ಅದೊಂದನ್ನೇ ಬದಲಾಯಿಸಿದರೆ ಸಾಕು, ಪೂರ್ತಿ ಜಿಪ್ ಬಿಚ್ಚಿಸಬೇಡಿ. ಪಟ್ಟಿಯ ಬುಡದಲ್ಲಿ ಒತ್ತೊತ್ತಾಗಿ ಹಲವು ಸಾಲು ಹೊಲಿಗೆ ಇರಬೇಕು, ಒಂದೇ ಸಾಲು ಇದ್ದರೆ ತಗೊಳ್ಳಬೇಡಿ. ಇನ್ನು ಒಳಗಿನ ಪಿಯು ಲೇಪ, ಅಂದರೆ ನೀರು ಇಳಿಯದ ಹಾಗೆ ಬಟ್ಟೆಗೆ ಬಳಿದ ಪಾಲಿಯುರೆಥೇನ್. ತೇವಕ್ಕೆ ಅದು ಕರಗಿ ಮೊದಲು ಅಂಟಂಟಾಗುತ್ತದೆ, ಆಮೇಲೆ ಬಿಳಿ ಹೊಟ್ಟಿನ ಹಾಗೆ ಉದುರಿ ಬಟ್ಟೆಗೆಲ್ಲ ಹತ್ತುತ್ತದೆ. ಜೋರು ಮಳೆಯ ಆಟಿ ತಿಂಗಳು ಕಳೆದ ಮೇಲೆ ಇಂಥ ಬ್ಯಾಗ್ ನನ್ನಲ್ಲಿಗೆ ರಾಶಿ ಬರುತ್ತದೆ, ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕಪಾಟಿನ ಮೇಲೆ ಇಟ್ಟದ್ದೇ. ಲೇಪ ಒಮ್ಮೆ ಹೋದರೆ ನನ್ನಿಂದಲೂ ಸರಿ ಮಾಡಲು ಆಗುವುದಿಲ್ಲ. ಪ್ರಯಾಣ ಮುಗಿಸಿ ಬಂದ ಕೂಡಲೇ ಜಿಪ್ ಎಲ್ಲ ಬಿಚ್ಚಿ ಗಾಳಿಗೆ ಹಾಕಿ, ಒಣಗಿದ ಮೇಲೆ ಒಳಗೆ ಪೇಪರ್ ತುಂಬಿ ಗೋಡೆಯ ಮೊಳೆಗೆ ನೇತು ಹಾಕಿ. ಪ್ಲಾಸ್ಟಿಕ್ ಕವರ್ ಬೇಡ.