ಹಳೇ ಲೇಸರ್ ಪ್ರಿಂಟರಿನ ರೋಗ ಕಾಗದದ ಮೇಲೇ ಕಾಣುತ್ತದೆ

ಡಿಟಿಪಿ ಸೆಂಟರು, ಜೆರಾಕ್ಸ್ ಅಂಗಡಿ, ವಕೀಲರ ಕಚೇರಿಗಳಲ್ಲಿ ಎಚ್‌ಪಿ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900 ಇನ್ನೂ ದುಡಿಯುತ್ತಿವೆ. ಹೊರಕವಚ ಬೇರೆಯಾದರೂ ಎರಡರ ಒಳಗೂ ಇರುವುದು ಕ್ಯಾನನ್ ಎಂಜಿನ್. ಒಂದರ ಕಾರ್ಟ್ರಿಜ್‌ಗೆ 12ಎ ಎಂದು ಹೆಸರು, ಇನ್ನೊಂದರದಕ್ಕೆ 303. ಇವು ಇಷ್ಟು ಕಾಲ ಬಾಳುವುದಕ್ಕೆ ಮುಖ್ಯ ಕಾರಣ, 1982ರಲ್ಲಿ ಕ್ಯಾನನ್ ತನ್ನ ಪಿಸಿ-10 ಕಾಪಿಯರಿನಲ್ಲಿ ತಂದ ಉಪಾಯ: ಅಕ್ಷರ ಮೂಡಿಸುವ ಉರುಳೆಯಾದ ಡ್ರಮ್, ಅದನ್ನು ಒರೆಸುವ ಬ್ಲೇಡು, ಶಾಯಿಯ ಪುಡಿಯಾದ ಟೋನರು, ಹೀಗೆ ಬೇಗ ಮುಗಿಯುವ, ಸವೆಯುವ ಭಾಗಗಳನ್ನು ಒಂದೇ ಡಬ್ಬಿಗೆ, ಅಂದರೆ ಕಾರ್ಟ್ರಿಜ್‌ಗೆ ತುಂಬಿ, ಡಬ್ಬಿಯನ್ನೇ ಬದಲಿಸುವುದು.

ಹಾಗಾಗಿ ತೊಂದರೆ ಡಬ್ಬಿಯದೋ ಯಂತ್ರದ್ದೋ ಎಂದು ಮೊದಲು ತಿಳಿಯಬೇಕು. ಅದಕ್ಕೆ ಒಂದು ಸ್ಕೇಲು ಸಾಕು. ಒಂದೇ ಚುಕ್ಕೆ ಸುಮಾರು 75 ಮಿ.ಮೀ.ಗೊಮ್ಮೆ ಮರುಕಳಿಸಿದರೆ ಡ್ರಮ್ಮಿಗೆ ಗೀರು ಬಿದ್ದಿದೆ, 24 ಮಿ.ಮೀ. ವ್ಯಾಸದ ಡ್ರಮ್ಮಿನ ಒಂದು ಸುತ್ತು ಅಷ್ಟೇ. 38 ಮಿ.ಮೀ.ಗೊಮ್ಮೆ ಬಂದರೆ ಡ್ರಮ್ಮಿಗೆ ವಿದ್ಯುದಾವೇಶ ಕೊಡುವ ಚಾರ್ಜ್ ರೋಲರ್ (ರಿಪೇರಿಯವರ ಬಾಯಲ್ಲಿ ಪಿಸಿಆರ್) ಕೊಳೆಯಾಗಿದೆ; ಒಣಬಟ್ಟೆಯಲ್ಲಿ ಒರೆಸಿ ನೋಡಿ.

ಅನುಮಾನ ಉಳಿದರೆ ಪುಟ ಅರ್ಧ ಸಾಗಿದಾಗ ಮುಚ್ಚಳ ತೆರೆದು ಹಾಳೆಯನ್ನು ಮೆಲ್ಲಗೆ ಹೊರತೆಗೆಯಿರಿ. ಪುಡಿಯನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸುವ ಫ್ಯೂಸರಿಗೆ ಇನ್ನೂ ಹೋಗದ ಭಾಗದಲ್ಲಿ ಅಕ್ಷರಗಳು ಬರೀ ಪುಡಿಯಾಗಿ ಕೂತಿರುತ್ತವೆ, ಉಫ್ ಎಂದರೆ ಹಾರುತ್ತವೆ. ಅಲ್ಲಿ ಒತ್ತಕ್ಷರದ ಬಾಲವೂ ಚೂಪಾಗಿದ್ದು, ಪೂರ್ತಿ ಹೊರಬಂದ ಪುಟದಲ್ಲಿ ಮಾತ್ರ ಕಲೆಸಿದ್ದರೆ ತಪ್ಪು ಫ್ಯೂಸರಿನದು. ಪುಡಿಯಾಗಿ ಕೂತ ಅಕ್ಷರಗಳಲ್ಲೇ ದೋಷ ಕಂಡರೆ ಮೊದಲು ಬೇರೆ ಕಾರ್ಟ್ರಿಜ್ ಹಾಕಿ ನೋಡಬೇಕು.

ಫ್ಯೂಸರಿನಲ್ಲಿ ಸೆರಾಮಿಕ್ ಹೀಟರಿನ ಸುತ್ತ ತೆಳುವಾದ ಫಿಲ್ಮ್ ತಿರುಗುತ್ತದೆ. ಅಂಗಡಿಯವರ ಬಾಯಲ್ಲಿ ಅದು ಟೆಫ್ಲಾನ್. ಸ್ಟೇಪ್ಲರ್ ಪಿನ್ ಸಮೇತ ಹಾಳೆ ಹೋದರೆ ಅದು ಹರಿಯುತ್ತದೆ, ಚರಚರ ಸದ್ದು ಬರುತ್ತದೆ. ಹೊಸ ಫಿಲ್ಮಿನ ಒಳಗೆ ಶಾಖಕ್ಕೆ ಕೆಡದ ಗ್ರೀಸನ್ನು ತೆಳುವಾಗಿ ಸವರಲೇಬೇಕು. ಒಣಗಿದರೆ ಫಿಲ್ಮ್ ಮತ್ತೆ ಸೀಳುತ್ತದೆ. ಪ್ಲಗ್ ಕಿತ್ತು ಅರ್ಧ ಗಂಟೆ ಆರಲು ಬಿಡದೆ ಇದಕ್ಕೆ ಕೈ ಹಾಕಬೇಡಿ.

ಹೆಚ್ಚು ಹಣ ವ್ಯರ್ಥವಾಗುವುದು ಪೇಪರ್ ಎಳೆಯುವ ತೊಂದರೆಯಲ್ಲಿ. ಹಾಳೆ ಎಳೆಯದಿದ್ದರೆ ಪಿಕಪ್ ರೋಲರಿನ ರಬ್ಬರು ನುಣುಪಾಗಿದೆ: ಕಾರ್ಟ್ರಿಜ್ ತೆಗೆದು, ರೋಲರಿನ ಎರಡೂ ಬದಿಯ ಬಿಳಿ ಕೊಕ್ಕೆ ಬಿಡಿಸಿದರೆ ಅದು ಕೈಗೆ ಬರುತ್ತದೆ. ಎರಡೆರಡು ಹಾಳೆ ಒಟ್ಟಿಗೆ ಹೋದರೆ ಹಾಳೆಗಳನ್ನು ಬೇರ್ಪಡಿಸುವ ಸೆಪರೇಷನ್ ಪ್ಯಾಡ್ ಸವೆದಿದೆ. ಆದರೆ ಒಂದರ ಬೆನ್ನಿಗೆ ಇನ್ನೊಂದು ಹಾಳೆ ತಾನಾಗಿ ನುಗ್ಗಿ ಜಾಮ್ ಆಗುತ್ತಿದ್ದರೆ ಇವೆರಡನ್ನೂ ಬದಲಿಸಿ ಪ್ರಯೋಜನವಿಲ್ಲ. ಗೇರುಗಳ ಪಕ್ಕದ ಪುಟ್ಟ ಸೊಲೆನಾಯ್ಡ್, ಅಂದರೆ ಕರೆಂಟು ಹರಿದಾಗ ಲೋಹದ ತಗಡನ್ನು ಸೆಳೆಯುವ ವಿದ್ಯುತ್ ಅಯಸ್ಕಾಂತ ನೋಡಿ. ಅದರ ಲೋಹದ ತಗಡು ಬಡಿಯದಂತೆ ಅಂಟಿಸಿರುವ ಫೋಮ್ ತುಂಡು ವರ್ಷಗಳು ಕಳೆದಂತೆ ಹಲಸಿನ ಮೇಣದಂತೆ ಜಿಗುಟಾಗುತ್ತದೆ. ಸೊಲೆನಾಯ್ಡಿಗೆ ಕರೆಂಟು ನಿಂತರೂ ತಗಡು ಥಟ್ಟನೆ ಬಿಡುವುದಿಲ್ಲ, ಗೇರು ಇನ್ನೊಂದು ಸುತ್ತು ಹೊಡೆಯುತ್ತದೆ, ರೋಲರು ಮತ್ತೊಂದು ಹಾಳೆ ಎಳೆಯುತ್ತದೆ. ಆ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಪೂರ್ತಿ ಒರೆಸಿ, ಚಿಕ್ಕ ಬಟ್ಟೆ ಟೇಪ್ ಅಂಟಿಸಿದರೆ ಮುಗಿಯಿತು. ಸ್ಪೇರಿನ ಖರ್ಚೇ ಇಲ್ಲ.

ರೋಲರು, ಪ್ಯಾಡು, ಫಿಲ್ಮುಗಳೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಬಿಡಿಯಾಗಿ ಸಿಗುತ್ತವೆ. ಮಾಡೆಲ್ ಸಂಖ್ಯೆಯ ಜೊತೆ ಹಳೇ ಭಾಗವನ್ನೂ ಒಯ್ಯುವುದು ಒಳ್ಳೆಯದು.

ಕಂಪನಿಯ 12ಎ ಕಾರ್ಟ್ರಿಜ್ ಸುಮಾರು 2,000 ಪುಟ ಕೊಡುತ್ತದೆ. ರೀಫಿಲ್ ಮಾಡಿಸುವಾಗ ಟೋನರ್ ತುಂಬಿದರೆ ಸಾಲದು, ಡ್ರಮ್ಮಿನಿಂದ ಒರೆಸಿದ ಪುಡಿ ಸೇರುವ ವೇಸ್ಟ್ ಡಬ್ಬಿಯನ್ನೂ ಖಾಲಿ ಮಾಡಿಸಬೇಕು; ಅದು ತುಂಬಿದರೆ ಪುಡಿ ಪುಟದ ಮೇಲೇ ಉದುರುತ್ತದೆ. ಬಿಚ್ಚಿಟ್ಟ ಡ್ರಮ್ಮನ್ನು ಬೆಳಕಿಗೆ ಬಿಡದೆ ಕಪ್ಪು ಬಟ್ಟೆಯಲ್ಲಿ ಸುತ್ತಿಡಿ. ಚೆಲ್ಲಿದ ಟೋನರಿಗೆ ಮನೆಯ ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ, ಕೆಲವೇ ಮೈಕ್ರಾನ್ ಗಾತ್ರದ ಕಣಗಳು ಅದರ ಫಿಲ್ಟರ್ ದಾಟಿ ಕೋಣೆಗೆ ಹರಡುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿ, ಕೈಯನ್ನು ತಣ್ಣೀರಿನಲ್ಲೇ ತೊಳೆಯಿರಿ. ಟೋನರು ಬಿಸಿಗೆ ಕರಗುವ ಪ್ಲಾಸ್ಟಿಕ್ಕು, ಬಿಸಿನೀರು ಬಿದ್ದರೆ ಚರ್ಮಕ್ಕೂ ಬಟ್ಟೆಗೂ ಅಂಟಿಕೊಳ್ಳುತ್ತದೆ.