ಕೂದಲು ಬೆಳೆಯುತ್ತಲೇ ಇದೆ, ಉಳಿಯುತ್ತಿಲ್ಲ ಅಷ್ಟೇ

ಆಫ್ರಿಕಾದ ಚಾಡ್ ದೇಶದಲ್ಲಿ ಬಸಾರಾ ಎಂಬ ಸಮುದಾಯವಿದೆ. ಅಲ್ಲಿನ ಹೆಂಗಸರ ಜಡೆ ಸೊಂಟದವರೆಗೆ ಇಳಿಯುತ್ತದೆ. ಒತ್ತು ಗುಂಗುರಿನ ಕೂದಲಲ್ಲಿ ಇಷ್ಟು ಉದ್ದ ಕಾಣುವುದು ಅಪರೂಪ. ಇದರ ಗುಟ್ಟು ಶೇಬೆ ಎಂಬ ಪುಡಿಯಲ್ಲಿದೆ ಎಂದು ಕೆಲವು ವರ್ಷಗಳಿಂದ ಇಂಟರ್ನೆಟ್ಟಿನಲ್ಲಿ ಭಾರಿ ಸುದ್ದಿ. ಕ್ರೋಟಾನ್ ಜಾತಿಯ ಗಿಡದ ಬೀಜ, ಲವಂಗ, ಕಾಡು ಚೆರ್ರಿ ಬೀಜದ ತಿರುಳು, ಮರದ ಅಂಟು ಎಲ್ಲ ಸೇರಿಸಿ ಕುಟ್ಟಿದ ಪುಡಿ ಅದು. ಈಗ ‘ಕೂದಲು ಬೆಳೆಸುವ ಪುಡಿ’ ಎಂದು ಡಬ್ಬಿಯಲ್ಲಿ ಹಾಕಿ ಮಾರುತ್ತಾರೆ.

ಆದರೆ ಆ ಹೆಂಗಸರು ಅದನ್ನು ಹಚ್ಚುವ ರೀತಿ ನೋಡಿ. ಮೊದಲು ಕೂದಲನ್ನು ಒದ್ದೆ ಮಾಡುತ್ತಾರೆ. ಎಣ್ಣೆಯಲ್ಲೋ ಕೊಬ್ಬಿನಲ್ಲೋ ಕಲಸಿದ ಪುಡಿಯನ್ನು ಎಳೆಗಳ ಉದ್ದಕ್ಕೂ ಸವರುತ್ತಾರೆ. ಬುಡಕ್ಕೆ ಮಾತ್ರ ಮುಟ್ಟಿಸುವುದಿಲ್ಲ. ಆಮೇಲೆ ಜಡೆ ಹೆಣೆದು ಸುಮ್ನೆ ಬಿಟ್ಟುಬಿಡುತ್ತಾರೆ. ಕೆಲವು ದಿನ ಕಳೆದ ಮೇಲೆ ಮತ್ತೆ ಒಂದು ಪದರ ಹಚ್ಚಿ, ಮತ್ತೆ ಜಡೆ. ಕೂದಲು ಹುಟ್ಟುವುದು ಬುಡದಲ್ಲಿ. ಬುಡಕ್ಕೇ ತಾಗದ ಪುಡಿ ಕೂದಲನ್ನು ಬೆಳೆಸುವುದಾದರೂ ಹೇಗೆ? ಬೆಳೆಸುವುದಿಲ್ಲ. ಬೆಳೆದದ್ದು ಮುರಿದು ಹೋಗದಂತೆ ಕಾಯುತ್ತದೆ. ನನ್ನನ್ನು ಕೇಳಿದರೆ ಅಲ್ಲಿ ಪುಡಿಗಿಂತ ಜಡೆಯ ಕೆಲಸವೇ ಜಾಸ್ತಿ.

ಕೂದಲಿನ ಉದ್ದ ಅನ್ನುವುದು ಒಂದು ಲೆಕ್ಕ. ಬುಡದಲ್ಲಿ ಎಷ್ಟು ಬಂತು, ತುದಿಯಲ್ಲಿ ಎಷ್ಟು ಹೋಯಿತು, ಅಷ್ಟೇ. ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತಿದ್ದರೂ ಖರ್ಚು ಅಷ್ಟೇ ಇದ್ದರೆ ಉಳಿತಾಯದ ಪುಸ್ತಕದಲ್ಲಿ ಏನೂ ಕಾಣುವುದಿಲ್ಲವಲ್ಲ, ಹಾಗೆ. ‘ನನ್ನ ಕೂದಲು ಭುಜದಿಂದ ಕೆಳಕ್ಕೆ ಬೆಳೆಯೋದೇ ಇಲ್ಲ’ ಎನ್ನುವವರಲ್ಲಿ ಬಹಳ ಮಂದಿಯ ಕೂದಲು ಚೆನ್ನಾಗಿಯೇ ಬೆಳೆಯುತ್ತಿರುತ್ತದೆ. ಬಣ್ಣ ಹಾಕಿಸಿಕೊಂಡವರಿಗೆ ಇದು ಗೊತ್ತು. ಎರಡು ತಿಂಗಳಾದರೆ ಬುಡದಲ್ಲಿ ಬೇರೆ ಬಣ್ಣ ಇಣುಕುತ್ತದೆ, ಆದರೆ ಒಟ್ಟು ಉದ್ದ ಅಲ್ಲೇ ಇರುತ್ತದೆ.

ನಮ್ಮಂಥವರ ನೇರ ಕೂದಲು ವರ್ಷಕ್ಕೆ ಸುಮಾರು 15 ಸೆಂಟಿಮೀಟರ್ ಬೆಳೆಯುತ್ತದೆ. ಒಂದೊಂದು ಎಳೆಯೂ 2ರಿಂದ 6 ವರ್ಷ ಬೆಳೆದು, ಮೂರು ತಿಂಗಳಷ್ಟು ವಿಶ್ರಾಂತಿ ತೆಗೆದುಕೊಂಡು, ಬುಡಸಮೇತ ಉದುರುತ್ತದೆ. ದಿನಕ್ಕೆ 50ರಿಂದ 100 ಎಳೆ ಉದುರುವುದು ಮಾಮೂಲು. ಬೆಳೆಯುವ ಈ ಅವಧಿ ಎಷ್ಟು ವರ್ಷ ಎಂಬುದು ಬಹುಮಟ್ಟಿಗೆ ಹುಟ್ಟಿನಿಂದಲೇ ಬಂದದ್ದು, ಎಣ್ಣೆ ಬಾಟಲಿ ಅದನ್ನು ಬದಲಿಸಲಾರದು. ಇನ್ನು ಚರ್ಮದಿಂದ ಹೊರಗೆ ಕಾಣುವ ಭಾಗಕ್ಕೆ ಜೀವವೇ ಇಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ದಾರ. ಒಮ್ಮೆ ಸವೆದರೆ ಸವೆಯಿತು, ರಿಪೇರಿ ಇಲ್ಲ. 80 ಸೆಂಟಿಮೀಟರ್ ಜಡೆಯ ತುದಿಗೆ ಐದು ವರ್ಷಕ್ಕೂ ಮೀರಿದ ವಯಸ್ಸು. ಅಷ್ಟು ಕಾಲದ ಬಾಚುವಿಕೆ, ಬಿಸಿಲು, ಶಾಂಪೂ, ದಿಂಬಿನ ಉಜ್ಜಾಟ ಎಲ್ಲವನ್ನೂ ಆ ತುದಿ ತಡೆದುಕೊಂಡಿರಬೇಕು.

ಆಫ್ರಿಕಾ ಮೂಲದವರ ಕೂದಲಿಗೆ ಈ ಲೆಕ್ಕ ಎರಡೂ ಕಡೆಯಿಂದ ಬಿಗಿ. ಬೆಳವಣಿಗೆ ಸ್ವಲ್ಪ ನಿಧಾನ. 2001ರಲ್ಲಿ ಪ್ರಕಟವಾದ ಒಂದು ಅಳತೆಯ ಪ್ರಕಾರ ದಿನಕ್ಕೆ ಸರಾಸರಿ 0.26 ಮಿಲಿಮೀಟರ್. ಯುರೋಪ್ ಮೂಲದವರಲ್ಲಿ ಅದು 0.4ರ ಹತ್ತಿರ. ಅಂದರೆ ಆಫ್ರಿಕಾ ಮೂಲದವರ ಕೂದಲು ಬೆಳೆಯುವುದು ವರ್ಷಕ್ಕೆ 9 ಸೆಂಟಿಮೀಟರಿಗಿಂತ ತುಸು ಜಾಸ್ತಿ. ಮುರಿಯುವುದು ಮಾತ್ರ ಬೇರೆಯವರಿಗಿಂತ ಹೆಚ್ಚು. ಇದಕ್ಕೆ ಪ್ರೋಟೀನಿನ ಕೊರತೆ ಕಾರಣ ಅಲ್ಲ. ಕೆರಾಟಿನ್ ಎಲ್ಲರಲ್ಲೂ ಅದೇ. ಬೇರೆಯಿರುವುದು ಆಕಾರ. ಎಳೆಯನ್ನು ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಮ್ಮದು ಹೆಚ್ಚುಕಡಿಮೆ ದುಂಡಗೆ ಕಾಣುತ್ತದೆ, ಅವರದು ಚಪ್ಪಟೆ. ಕೂದಲ ಗೂಡೇ ಚರ್ಮದೊಳಗೆ ಬಾಗಿರುತ್ತದೆ, ಹಾಗಾಗಿ ಎಳೆ ಹೊರಬರುವಾಗಲೇ ಸುರುಳಿ ಸುತ್ತಿಕೊಂಡು ಬರುತ್ತದೆ. ಪ್ರತಿ ತಿರುವಿನಲ್ಲೂ ಎಳೆತದ ಒತ್ತಡ ಒಂದೇ ಕಡೆ ಬೀಳುತ್ತದೆ. ಮುರಿಯುವುದು ಅಲ್ಲೇ. ನೆತ್ತಿಯ ಜಿಡ್ಡು ನೇರ ಕೂದಲಲ್ಲಿ ಸಲೀಸಾಗಿ ಇಳಿಯುತ್ತದೆ. ಇಷ್ಟೊಂದು ತಿರುವು ದಾಟಿ ತುದಿ ಮುಟ್ಟುವುದು ಅದಕ್ಕೆ ಕಷ್ಟ. ತುದಿ ಒಣಗಿಯೇ ಇರುತ್ತದೆ.

ದಕ್ಷಿಣ ಆಫ್ರಿಕಾದ ಚರ್ಮವೈದ್ಯೆ ನೊನ್‌ಲಾನ್‌ಲಾ ಖುಮಾಲೊ ಮತ್ತು ಸಂಗಡಿಗರು 2000ದಲ್ಲಿ ಇಂಥ ಕೂದಲನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರು. ರಾಸಾಯನಿಕ ಸೋಕದ ಕೂದಲೇ ಆದರೂ ಬಹುಪಾಲು ಎಳೆಗಳ ತುದಿ ಮುರಿದಿತ್ತು. ಎಳೆ ತನಗೆ ತಾನೇ ಸುತ್ತಿಕೊಂಡು ಬಿಗಿದ ಪುಟ್ಟ ಗಂಟುಗಳು ಬೇಕಾದಷ್ಟು ಸಿಕ್ಕವು. ಯುರೋಪ್ ಮತ್ತು ಏಷ್ಯಾ ಮೂಲದವರ ಕೂದಲಲ್ಲಿ ಈ ಗಂಟುಗಳು ತೀರಾ ಅಪರೂಪ. ಬಾಚಣಿಗೆಯ ಹಲ್ಲು ಅಂಥ ಗಂಟಿಗೆ ಸಿಕ್ಕಿದಾಗ ಗಂಟು ಬಿಚ್ಚುವುದಿಲ್ಲ, ಎಳೆಯೇ ತುಂಡಾಗುತ್ತದೆ.

ಬಾಚುವ ವಿಷಯದಲ್ಲಿ ನಮ್ಮ ಮನೆಯ ಬುದ್ಧಿವಾದ ಅಲ್ಲಿ ನಡೆಯುವುದಿಲ್ಲ. ‘ಒದ್ದೆ ಕೂದಲು ಬಾಚಬೇಡ’ ಎಂದು ಹೇಳಿಸಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ! ನೇರ ಕೂದಲಿಗೆ ಅದು ಸರಿಯೇ. ಒದ್ದೆಯಾದಾಗ ಅದು ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ಒತ್ತು ಗುಂಗುರಿಗೆ ಒಣಗಿದಾಗ ಬಾಚುವುದೇ ಅಪಾಯ. ನೀರು, ಕಂಡಿಷನರ್ ಬಿದ್ದಾಗ ಸುರುಳಿ ಸಡಿಲವಾಗುತ್ತದೆ, ಅಗಲ ಹಲ್ಲಿನ ಬಾಚಣಿಗೆ ತುದಿಯಿಂದ ಬುಡದ ಕಡೆಗೆ ಸಲೀಸಾಗಿ ಓಡುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ನಮ್ಮ ಸಿದ್ದಿ ಜನರಲ್ಲೂ ಹಲವರದು ಇದೇ ಬಗೆಯ ಕೂದಲು. ಒತ್ತು ಹಲ್ಲಿನ ಬಾಚಣಿಗೆ ಅವರಿಗಾಗಿ ಮಾಡಿದ್ದಲ್ಲ.

ಹಾಗಾದರೆ ಉಪಾಯ ಏನು? ಕೂದಲನ್ನು ಮುಟ್ಟುವುದನ್ನೇ ಕಡಿಮೆ ಮಾಡುವುದು. ಪ್ರೊಟೆಕ್ಟಿವ್ ಹೇರ್‌ಸ್ಟೈಲ್ ಅಂದರೆ ಅಷ್ಟೇ. ಹೆಣೆದು, ಹೊಸೆದು ಅಥವಾ ಸುತ್ತಿ, ತುದಿಗಳನ್ನು ಒಳಗೆ ಅಡಗಿಸಿ, ಕೆಲವು ವಾರ ಬಾಚಣಿಗೆಗೆ ರಜೆ ಕೊಡುವುದು. ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಹೆಣೆದರೆ ಕಾರ್ನ್‌ರೋ. ಎರಡೇ ಎಳೆ ಹೊಸೆದರೆ ಟ್ವಿಸ್ಟ್. ಸಣ್ಣ ಸಣ್ಣ ತುರುಬು ಕಟ್ಟಿದರೆ ಬಂಟು ನಾಟ್. ನೈಜೀರಿಯಾದ ಯೊರುಬಾ ಜನ ಕಪ್ಪು ದಾರವನ್ನು ಬುಡದಿಂದ ತುದಿಯವರೆಗೆ ಸುತ್ತುತ್ತಾರೆ. ಬಿಸಿ ಇಲ್ಲದೆ ಸುರುಳಿ ನೇರವಾಗುತ್ತದೆ, ತುದಿಯೂ ಮುಚ್ಚಿಕೊಳ್ಳುತ್ತದೆ. ನನಗೆ ಎಲ್ಲಕ್ಕಿಂತ ಜಾಣತನದ್ದು ಅನ್ನಿಸಿದ್ದು ಇದೇ. ಇವೇನೂ ನಿನ್ನೆ ಮೊನ್ನೆಯ ಫ್ಯಾಶನ್ ಅಲ್ಲ. ನೈಜೀರಿಯಾದಲ್ಲಿ ಸಿಕ್ಕಿರುವ, 2,000 ವರ್ಷಕ್ಕೂ ಹಳೆಯ ನೋಕ್ ಸಂಸ್ಕೃತಿಯ ಸುಟ್ಟ ಮಣ್ಣಿನ ಬೊಂಬೆಗಳ ತಲೆಯ ಮೇಲೂ ಭಾರಿ ಕೇಶಾಲಂಕಾರ ಇದೆ.

ಬಾಕ್ಸ್ ಬ್ರೇಡ್ ಹಾಕುವುದನ್ನು ಹತ್ತಿರದಿಂದ ನೋಡಬೇಕು. ಚೂಪು ಹಿಡಿಯ ಬಾಚಣಿಗೆಯಿಂದ ನೆತ್ತಿಯ ಮೇಲೆ ಚೌಕ ಚೌಕವಾಗಿ ಬೈತಲೆ ತೆಗೆಯುತ್ತಾರೆ. ಒಂದೊಂದು ಚೌಕದ ಕೂದಲೂ ಒಂದೊಂದು ಕಿರುಜಡೆ. ಉದ್ದಕ್ಕೂ ದಪ್ಪಕ್ಕೂ ಬೇರೆ ಎಳೆ ಸೇರಿಸುತ್ತಾರೆ, ಸಾಮಾನ್ಯವಾಗಿ ಕಾನೆಕಲಾನ್‌ನಂಥ ಕೃತಕ ನೂಲು. ಜಡೆ ಮುಗಿದ ಮೇಲೆ ತುದಿಗಳನ್ನು ಬಿಸಿನೀರಲ್ಲಿ ಅದ್ದುತ್ತಾರೆ, ನೂಲು ಮೆತ್ತಗಾಗಿ ಹಾಗೇ ಕೂತುಬಿಡುತ್ತದೆ. ಇಡೀ ತಲೆ ಮುಗಿಯಲು ಅರ್ಧ ದಿನವೇ ಬೇಕಾಗಬಹುದು. ವೀವ್ (ಹೆಣೆದ ಜಡೆಯ ಮೇಲೆ ಹೊಲಿದು ಕೂರಿಸುವ ಕೂದಲು), ವಿಗ್ ಬೇಕೆಂದವರು ನಿಜವಾದ ಕೂದಲನ್ನೇ ಕೊಳ್ಳುತ್ತಾರೆ. ಅದರಲ್ಲಿ ಭಾರತದ್ದು ದೊಡ್ಡ ಪಾಲು. ತಿರುಪತಿಯ ಮುಡಿ ಹೋಗುವುದು ಎಲ್ಲರಿಗೂ ಗೊತ್ತು. ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲೂ ಕೂದಲಿನ ಸಿಕ್ಕು ಬಿಡಿಸಿ, ಉದ್ದದ ಪ್ರಕಾರ ವಿಂಗಡಿಸಿ ಹೊರದೇಶಕ್ಕೆ ಕಳಿಸುವುದು ದೊಡ್ಡ ಕಸುಬು.

ಜಡೆಯೊಳಗೆ ಎಳೆಗಳು ಒಂದಕ್ಕೊಂದು ಆಸರೆಯಾಗಿ ನಿಲ್ಲುತ್ತವೆ. ಎಳೆತ ಒಂದೇ ಎಳೆಯ ಮೇಲೆ ಬೀಳದೆ ಹಂಚಿಹೋಗುತ್ತದೆ. ಹೊಸ ಗಂಟು ಬೀಳಲು ಜಾಗ ಇಲ್ಲ. ರಾತ್ರಿ ಸ್ಯಾಟಿನ್ ಟೋಪಿ ಹಾಕಿಕೊಂಡರೆ ಹತ್ತಿಯ ದಿಂಬಿನ ಉಜ್ಜಾಟವೂ ತಪ್ಪುತ್ತದೆ. ಜಡೆ ಹಾಕಿದೆ ಎಂದು ತಲೆ ತೊಳೆಯುವುದನ್ನು ಬಿಡಬಾರದು. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ನೆತ್ತಿಗೆ ಶಾಂಪೂ ಬೀಳಬೇಕು. ಹೆಣೆಯುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚುವುದಕ್ಕೂ ಅರ್ಥ ಇದೆ. 2003ರಲ್ಲಿ ಮುಂಬೈನ ಸಂಶೋಧಕರು ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ಎಣ್ಣೆಗಳನ್ನು ಹೋಲಿಸಿದಾಗ, ತೊಳೆಯುವಾಗಿನ ಪ್ರೋಟೀನ್ ನಷ್ಟವನ್ನು ಚೆನ್ನಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಒಂದೇ. ಅದರಲ್ಲಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು. ಎಳೆಯ ಒಳಕ್ಕೇ ನುಸುಳುತ್ತದೆ.

ಇಷ್ಟೆಲ್ಲ ಒಳ್ಳೆಯದು ಮಾಡುವ ಜಡೆಯೇ ಕೂದಲನ್ನು ಬುಡಸಮೇತ ಕಳೆಯಲೂಬಹುದು, ಬಿಗಿ ಜಾಸ್ತಿಯಾದರೆ. ದಿನಗಟ್ಟಲೆ ಎಳೆದು ಕಟ್ಟಿದರೆ ಕೂದಲ ಗೂಡು ಊದಿಕೊಳ್ಳುತ್ತದೆ. ಹಣೆಯ ಅಂಚಲ್ಲಿ, ಕಿವಿಯ ಮುಂದೆ ಸಣ್ಣ ಗುಳ್ಳೆ ಏಳುತ್ತವೆ, ಆಮೇಲೆ ಅಂಚು ತೆಳ್ಳಗಾಗುತ್ತದೆ. ಬೇಗ ಸಡಿಲಿಸಿದರೆ ಕೂದಲು ಮರಳಿ ಬರುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಗೂಡಿನ ಜಾಗದಲ್ಲಿ ಕಲೆಗಟ್ಟಿ ಕೂದಲು ಮತ್ತೆ ಹುಟ್ಟುವುದೇ ಇಲ್ಲ. ವೈದ್ಯರು ಇದನ್ನು ಟ್ರ್ಯಾಕ್ಷನ್ ಅಲೊಪೇಸಿಯಾ ಎನ್ನುತ್ತಾರೆ. ಇದನ್ನು ಮೊದಲು ಬಣ್ಣಿಸಿದ್ದು 1907ರಲ್ಲಿ, ಅದೂ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ. ಅವರು ಕೂದಲನ್ನು ಬಿಗಿಯಾಗಿ ಎಳೆದು ಕಟ್ಟುತ್ತಿದ್ದರು. ತಲೆ ಮೇಲೆ ಬಿಗಿಯಾಗಿ ಗಂಟು ಕಟ್ಟುವ ಸಿಖ್ ಹುಡುಗರಲ್ಲೂ ಇದನ್ನು ಕಂಡಿದ್ದಾರೆ. ಅಂದಮೇಲೆ ಕೂದಲಿನ ಬಗೆ ಮುಖ್ಯವಲ್ಲ, ಎಳೆತ ಮುಖ್ಯ. ಬೆಳಿಗ್ಗೆ ಎರಡು ಜಡೆ ಬಿಗಿದು ಕಣ್ಣು ಮೇಲಕ್ಕೆಳೆದಂತೆ ಸ್ಕೂಲಿಗೆ ಹೋಗುವ ನಮ್ಮ ಹುಡುಗಿಯರಿಗೂ ಇದು ಅನ್ವಯಿಸುತ್ತದೆ.

ಖುಮಾಲೊ ಅವರ ತಂಡವೇ ಕೇಪ್‌ಟೌನಿನಲ್ಲಿ ಎಣಿಸಿ ನೋಡಿದಾಗ ಶಾಲೆಯ ಹುಡುಗಿಯರಲ್ಲಿ ಸುಮಾರು 17%, ದೊಡ್ಡ ಹೆಂಗಸರಲ್ಲಿ ಸುಮಾರು 32% ಮಂದಿಗೆ ಈ ತೊಂದರೆ ಇತ್ತು. ಕೂದಲು ನೇರವಾಗಿಸುವ ರಾಸಾಯನಿಕ ಹಚ್ಚಿ, ಅದರ ಮೇಲೆ ಜಡೆ ಅಥವಾ ವೀವ್ ಹಾಕಿಸಿಕೊಂಡವರಿಗೆ ಅಪಾಯ ಹೆಚ್ಚು. ‘ಮೊದಲ ದಿನ ನೋಯುವುದು ಸಹಜ, ಒಂದು ಮಾತ್ರೆ ನುಂಗಿ’ ಎನ್ನುವ ಸಲಹೆಯನ್ನು ನಾನಂತೂ ಒಪ್ಪುವುದಿಲ್ಲ. ನೋವು ಬಂದರೆ ಆಗಲೇ ಬಿಚ್ಚಿಸಿ ಸಡಿಲವಾಗಿ ಹಾಕಿಸಿಕೊಳ್ಳಬೇಕು. ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಹೇಳುವುದೂ ಇದನ್ನೇ.

ಇಷ್ಟು ಲೆಕ್ಕಾಚಾರದ ಜಡೆಯನ್ನು ಎಷ್ಟೋ ಕಡೆ ‘ಶಿಸ್ತಿಲ್ಲದ ತಲೆ’ ಎಂದು ತಡೆದದ್ದೂ ಉಂಟು. 2016ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಶಾಲಾ ಹುಡುಗಿಯರು ಕೂದಲಿನ ನಿಯಮಗಳ ವಿರುದ್ಧ ಪ್ರತಿಭಟನೆಗೆ ನಿಂತರು. 2019ರಲ್ಲಿ ಕ್ಯಾಲಿಫೋರ್ನಿಯಾ ‘ಕ್ರೌನ್’ ಕಾನೂನು ತಂದಿತು. ಬ್ರೇಡ್, ಲಾಕ್ (ಜಟೆಯಂಥ ಕೂದಲು), ಟ್ವಿಸ್ಟ್ ಹಾಕಿದ್ದಕ್ಕೆ ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ತಾರತಮ್ಯ ಮಾಡುವಂತಿಲ್ಲ. ಆಮೇಲೆ ಅಮೆರಿಕದ ಹಲವು ರಾಜ್ಯಗಳು ಅದೇ ದಾರಿ ಹಿಡಿದವು.

ಜಡೆ ಬಿಚ್ಚುವ ದಿನದ ಬಗ್ಗೆಯೂ ಹೇಳಬೇಕು. ಉಳಿಸಿದ ಉದ್ದವನ್ನು ಹೆಚ್ಚಿನವರು ಕಳೆದುಕೊಳ್ಳುವುದು ಅವತ್ತೇ. ಆರು ವಾರ ಹಾಕಿದ ಜಡೆ ಬಿಚ್ಚಿದರೆ ಕೈತುಂಬ ಕೂದಲು ಬರುತ್ತದೆ. ನೋಡಿದವರಿಗೆ ಎದೆ ಧಸಕ್ ಎನ್ನುತ್ತದೆ. ಆದರೆ ದಿನಕ್ಕೆ 50ರಿಂದ 100ರಂತೆ 42 ದಿನಕ್ಕೆ ಲೆಕ್ಕ ಹಾಕಿ. 2,100ರಿಂದ 4,200 ಎಳೆ. ತಾನಾಗಿ ಉದುರಬೇಕಾದವೇ, ಜಡೆಯಲ್ಲಿ ಸಿಕ್ಕಿಕೊಂಡು ಹೊರಗೆ ಬಿದ್ದಿರಲಿಲ್ಲ ಅಷ್ಟೇ. ಅವುಗಳ ಒಂದು ತುದಿಯಲ್ಲಿ ಪುಟ್ಟ ಬಿಳಿ ಗುಂಡು ಕಾಣುತ್ತದೆ. ಗುಂಡಿಲ್ಲದ ಚಿಕ್ಕ ಚಿಕ್ಕ ತುಂಡುಗಳು ಜಾಸ್ತಿ ಇದ್ದರೆ ಅದು ಮುರಿತ, ಎಲ್ಲೋ ಎಡವಟ್ಟಾಗಿದೆ. ಬಿಚ್ಚಿದ ಕೂಡಲೇ ನೀರಿಗೆ ಹಿಡಿಯಬೇಡಿ. ಬುಡದಲ್ಲಿ ಕಟ್ಟಿಕೊಂಡ ಜಿಡ್ಡು, ಧೂಳು, ಉದುರಿದ ಎಳೆ ಎಲ್ಲ ಸೇರಿ ಉಂಡೆಗಟ್ಟಿ ಕೂರುತ್ತದೆ. ಮೊದಲು ಎಣ್ಣೆಯೋ ಕಂಡಿಷನರೋ ಹಚ್ಚಿ, ಬೆರಳಲ್ಲೇ ಬಿಡಿಸಿ, ಆಮೇಲೆ ತೊಳೆಯಿರಿ. ಎರಡು ಮೂರು ತಿಂಗಳಿಗಿಂತ ಹೆಚ್ಚು ಒಂದೇ ಜಡೆ ಇಡಬೇಡಿ. ಮತ್ತೆ ಹಾಕಿಸುವ ಮುಂಚೆ ನೆತ್ತಿಗೆ ಒಂದೆರಡು ವಾರ ಬಿಡುವು ಕೊಡಿ, ಬೈತಲೆಯ ಜಾಗವನ್ನೂ ಬದಲಿಸಿ.