ಚರ್ಚಿನ ಕಾಗದ, ಕೋರ್ಟಿನ ಕಾಗದ

ಮಳೆಗಾಲದಲ್ಲಿ ವಿರಾಜಪೇಟೆಯ ನನ್ನ ವಕೀಲಿ ಆಫೀಸಿಗೆ ಬರುವವರು ಮೊದಲು ಕೊಡೆ ಇಡಲು ಜಾಗ ಹುಡುಕುತ್ತಾರೆ, ಆಮೇಲೆ ಪ್ಲಾಸ್ಟಿಕ್ ಕವರ್ ಬಿಚ್ಚುತ್ತಾರೆ. ಹಾಗೆ ಬಂದ ಒಬ್ಬ ಮಹಿಳೆಯ ಕವರಿನಲ್ಲಿ ಒಂದೇ ಕಾಗದ ಇತ್ತು. ಕೆಥೋಲಿಕ್ ಧರ್ಮಪ್ರಾಂತ್ಯದ, ಅಂದರೆ ಬಿಷಪ್ಪರ ಆಡಳಿತದ, ನ್ಯಾಯಮಂಡಳಿಯ ತೀರ್ಪು. ಅವರ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಅದರಲ್ಲಿತ್ತು. "ಇನ್ನು ಬೇರೆ ಮದುವೆ ಆಗಬಹುದಲ್ವಾ ಸಾರ್? ಹಾಲ್ ಬುಕ್ ಆಗಿದೆ" ಎಂದರು.

ಆಗಲ್ಲ ಎಂದೆ. ಅಡ್ವಾನ್ಸ್ ವಾಪಸ್ ಕೊಡ್ತಾರಾ ಎಂದು ಜೊತೆಗೆ ಬಂದಿದ್ದ ಅಣ್ಣ ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಕೆಥೋಲಿಕ್ ಧರ್ಮಸಭೆಯಲ್ಲಿ ವಿಚ್ಛೇದನ ಇಲ್ಲ. ದೇವರು ಕೂಡಿಸಿದ್ದನ್ನು ಮನುಷ್ಯ ಬಿಡಿಸುವ ಹಾಗಿಲ್ಲ. ಆದರೆ ಮದುವೆಯ ದಿನವೇ ಒಪ್ಪಿಗೆ ನಿಜವಾಗಿರಲಿಲ್ಲ ಎಂದು ಸಾಬೀತಾದರೆ, ಆ ಮದುವೆ ಆಗಿಯೇ ಇಲ್ಲ ಎಂದು ಧರ್ಮಸಭೆ ಹೇಳುತ್ತದೆ. ಮೊದಲು ಚರ್ಚಿನ ಎರಡು ಹಂತದ ನ್ಯಾಯಮಂಡಳಿಗಳ ತೀರ್ಪು ಒಂದೇ ಆಗಿರಬೇಕಿತ್ತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಸಡಿಲಿಸಿದರು. ಅದೆಲ್ಲ ಚರ್ಚಿನ ಬಾಗಿಲ ತನಕ ಮಾತ್ರ. ಚರ್ಚಿನ ತೀರ್ಪು ಸರ್ಕಾರಿ ಕಾನೂನಿನ ಕಣ್ಣಲ್ಲಿ ಮದುವೆಯನ್ನು ಮುರಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಮೋಲಿ ಜೋಸೆಫ್ ಪ್ರಕರಣದಲ್ಲಿ ಹೇಳಿತು. ಚರ್ಚಿನ ತೀರ್ಪಿಗೆ ಮಾನ್ಯತೆ ಕೊಡಿ ಎಂದು ಕೇಳಿದ್ದ ಅರ್ಜಿಯನ್ನು 2017ರಲ್ಲಿ ತಳ್ಳಿಹಾಕಿತು. ಆ ಹೆಣ್ಣುಮಗಳು ಕೋರ್ಟಿನ ಕಾಗದ ಇಲ್ಲದೆ ಹಾಲಿಗೆ ಹೋಗಿದ್ದರೆ ಅದು ದ್ವಿಪತ್ನಿತ್ವದ ಕಲಮಿನ ಕೆಳಗೆ ಬರುತ್ತಿತ್ತು. ಏಳು ವರ್ಷದ ತನಕ ಜೈಲು. ಕಲಮಿನ ಹೆಸರು ಹಾಗಿದ್ದರೂ ಹೆಂಗಸರಿಗೂ ಅದೇ ಲೆಕ್ಕ.

ನಮ್ಮ ಕ್ರೈಸ್ತ ವಿಚ್ಛೇದನ ಕಾನೂನು ರೋಮಿನಿಂದ ಬಂದದ್ದು ಅಂತ ಸುಮಾರು ಜನ ತಿಳಿದಿದ್ದಾರೆ. ಅಲ್ಲ, 1869ರ ಆ ಕಾಯ್ದೆ ಇಂಗ್ಲಿಷರದ್ದು. ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದೇ ಸಾಕಿತ್ತು. ಹೆಂಡತಿ ಅದರ ಜೊತೆ ಕ್ರೌರ್ಯವನ್ನೋ ಬಿಟ್ಟುಹೋದದ್ದನ್ನೋ ಸೇರಿಸಿ ತೋರಿಸಬೇಕಿತ್ತು. ಇದು ಸರಿಹೋಗಲು 2001 ಬರಬೇಕಾಯಿತು. ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ 377ನೇ ಕಲಮಿನ ಬೇರೂ ಇಂಗ್ಲೆಂಡಿನದೇ. ಚರ್ಚಿನ ಕೋರ್ಟು ಪಾಪ ಎಂದು ವಿಚಾರಿಸುತ್ತಿದ್ದದ್ದನ್ನು ಎಂಟನೇ ಹೆನ್ರಿಯ ಕಾಲದಲ್ಲಿ, 1533ರ ಕಾಯ್ದೆ, ನೇಣಿನ ಅಪರಾಧ ಮಾಡಿತು. ಅದರ ಮರಿಮಗು 1860ರಲ್ಲಿ ನಮ್ಮ ದಂಡಸಂಹಿತೆಗೆ ಬಂತು. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತ ವಯಸ್ಕರನ್ನು ಅದರಿಂದ ಬಿಡಿಸಿತು. ಧರ್ಮಸಭೆ ಈಗಲೂ ಅದನ್ನು ಪಾಪ ಎನ್ನುತ್ತದೆ. ಎನ್ನಲಿ, ಪೊಲೀಸರು ಬರುವುದಿಲ್ಲ.

ಬೋಧನೆಯೇ ಕಾನೂನಾದರೆ ಹೇಗಿರುತ್ತದೆ ಎಂದು ನೋಡಬೇಕಾದರೆ ಐರ್ಲೆಂಡ್ ನೋಡಬೇಕು. 1935ರಿಂದ ಗರ್ಭನಿರೋಧಕ ಮಾರುವಂತಿರಲಿಲ್ಲ. 1937ರ ಸಂವಿಧಾನದಲ್ಲೇ ವಿಚ್ಛೇದನಕ್ಕೆ ತಡೆ. ಅದು ಹೋದದ್ದು 1995ರ ಜನಮತದಲ್ಲಿ, ಕೂದಲೆಳೆ ಅಂತರದಲ್ಲಿ. 1983ರಲ್ಲಿ ಹೊಟ್ಟೆಯ ಭ್ರೂಣಕ್ಕೂ ತಾಯಿಗೂ ಬದುಕುವ ಹಕ್ಕು ಸಮ ಎಂದು ಸಂವಿಧಾನಕ್ಕೆ ಸೇರಿಸಿದರು. ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ ಸಿಕ್ಕಿಕೊಂಡದ್ದು ಅಲ್ಲೇ. 31 ವರ್ಷ, ದಂತವೈದ್ಯೆ, 17 ವಾರದ ಗರ್ಭ. ಗರ್ಭ ನಿಲ್ಲುವುದಿಲ್ಲ ಎಂದು ಗೊತ್ತಾಗಿತ್ತು. ತೆಗೆದುಬಿಡಿ ಎಂದು ಕೇಳಿದರು. ಭ್ರೂಣದ ಎದೆ ಬಡಿತ ಇದೆ, ಆಗುವುದಿಲ್ಲ ಎಂದರು. ಇದು ಕೆಥೋಲಿಕ್ ದೇಶ ಎಂದು ತಾನು ಹೇಳಿದ್ದು ನಿಜ ಎಂದು ಒಬ್ಬ ಸೂಲಗಿತ್ತಿ ನರ್ಸ್ ಆಮೇಲೆ ವಿಚಾರಣೆಯಲ್ಲಿ ಒಪ್ಪಿಕೊಂಡರು. 2012ರ ಅಕ್ಟೋಬರ್ 28ರಂದು ಸವಿತಾ ನಂಜೇರಿ ತೀರಿಕೊಂಡರು. 2018ರಲ್ಲಿ ಅಲ್ಲಿನ ಮೂರರಲ್ಲಿ ಎರಡು ಪಾಲು ಮತದಾರರು ಆ ತಿದ್ದುಪಡಿಯನ್ನು ಕಿತ್ತುಹಾಕಿದರು.

ನಮ್ಮಲ್ಲಿ ಹಾಗಿಲ್ಲ. 1971ರಿಂದಲೇ ಗರ್ಭಪಾತದ ಕಾಯ್ದೆ ಇದೆ. ನಮ್ಮೂರ ಸಂತ ಅನ್ನಮ್ಮನ ಚರ್ಚಿನ ಬೋಧನೆ ಕಾಯ್ದೆ ಪುಸ್ತಕಕ್ಕೆ ಬಂದಿಲ್ಲ. ಅದು ಕೆಲಸ ಮಾಡುವುದು ಬೇರೆ ಕಡೆ, ಸಹಿ ಹಾಕುವ ಕೈಯಲ್ಲಿ.

ಪರಸ್ಪರ ಒಪ್ಪಿಗೆಯ ವಿಚ್ಛೇದನ 2001ರಿಂದ ಕ್ರೈಸ್ತರಿಗೂ ಸಿಗುತ್ತದೆ. ಆದರೆ ಎರಡು ಸಹಿ ಬೇಕು. ಒಂದು ಕೇಸಿನಲ್ಲಿ (ಗುರುತು ಸಿಗದಂತೆ ಸ್ವಲ್ಪ ಬದಲಿಸಿದ್ದೇನೆ) ಗಂಡ ಸಹಿ ಹಾಕಿ ಕೂತಿದ್ದ. ಹೆಂಡತಿ ಹಾಕಲಿಲ್ಲ. ಜೀವನಾಂಶದ ಜಗಳ ಇರಬೇಕು ಎಂದು ನಾನು ಮೊತ್ತ ಜಾಸ್ತಿ ಮಾಡಿಸಿದೆ. ವಕೀಲರ ಬುದ್ಧಿ ಅಷ್ಟೇ ಅಲ್ವಾ? ಆಕೆ ದುಡ್ಡಿನ ಮಾತೇ ಎತ್ತಲಿಲ್ಲ. ಆತನ ಸ್ವಾತಂತ್ರ್ಯ ಆಕೆಯ ನಂಬಿಕೆಗೆ ಸಿಕ್ಕಿ ನಿಂತಿತ್ತು. ಸಹಿ ಹಾಕು ಎಂದು ಒತ್ತಾಯಿಸಿದರೆ ಆಕೆಯ ಸ್ವಾತಂತ್ರ್ಯ ಹೋಗುತ್ತಿತ್ತು. ಕೊನೆಗೆ ಬಿಟ್ಟುಹೋದ ಕಾರಣ ಹಾಕಿ ಆತ ಬೇರೆ ದಾವೆ ಹೂಡಿದ. ವಿಚಾರಣೆಯ ದಿನ ಆಕೆ ವರಾಂಡದ ಬೆಂಚಿನಲ್ಲಿ ಜಪಮಾಲೆ ಹಿಡಿದು ಕೂತಿದ್ದರು. "ಕೋರ್ಟು ಕೊಟ್ಟರೆ ಕೊಡಲಿ ಸಾರ್" ಎಂದರು. "ನಾನು ಮಾತ್ರ ಕೊಡಲ್ಲ."